ಬಿಲ್ಡ್ ಫೋಲ್ಡರಿನ ತೇಪೆಗಳು

ನನ್ನ ಹೆಂಡತಿಯ ತಂಗಿಯನ್ನು ಮದುವೆಯಾದವನು ನನಗೆ ಷಡ್ಡಕ. ಇಡೀ ಬೀದಿಗೆ ಅವನು ತೇಪೆ. ಹೆಸರಿಟ್ಟವನು ನಾನೇ. ಕಟ್‌ಪೀಸ್ ವ್ಯಾಪಾರಿಯ ಬಾಯಲ್ಲಿ ಇನ್ನೆಂಥ ಹೆಸರು ಬಂದೀತು? ಮಿಲ್ಲಿನಲ್ಲಿ ಥಾನು ಮುಗಿದ ಮೇಲೆ ಉಳಿಯುವ ತುಂಡುಗಳು, ಅಂಚು ಕೆಟ್ಟ ಲೈನಿಂಗ್ ಬಟ್ಟೆ, ಬಣ್ಣದಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದ ಪಾಪ್ಲಿನ್, ಇವನ್ನೆಲ್ಲ ತೂಕಕ್ಕೆ ತಂದು ಅಳತೆಗೆ ಮಾರುವುದು ನನ್ನ ಕಸುಬು. ನಡುವೆ ಎಷ್ಟು ಉಳಿಯುತ್ತದೆ ಎಂದು ಕೇಳಬೇಡಿ. ನನ್ನ ಹೆಂಡತಿಗೇ ಹೇಳಿಲ್ಲ.

ತೇಪೆ ಮೊದಲು ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದ. ರಿಪೇರಿಯವನಿಗೆ ಒಂದು ನಿಯತ್ತಿರುತ್ತದೆ. ಮೇಜಿನ ಮೇಲೆ ಯಾವುದು ಬಂದು ಕೂತಿದೆಯೋ ಅದು ಹಾಡಬೇಕು, ಅಷ್ಟೇ. ಅದನ್ನು ತಯಾರಿಸಿದ ಕಾರ್ಖಾನೆ ಎಲ್ಲಿ ಎಡವಿತು, ನಕ್ಷೆಯಲ್ಲಿ ಏನು ತಪ್ಪಿತ್ತು ಎನ್ನುವುದು ಅವನ ತಲೆನೋವಲ್ಲ. ಗಿರಾಕಿ ಎದುರಿಗೆ ನಿಂತಿದ್ದಾನೆ, ಮನೆಯಲ್ಲಿ ಅವನ ತಾಯಿ ವಾರ್ತೆ ಕೇಳಲು ಕಾದಿದ್ದಾಳೆ. ತಂತಿ ಬೆಸೆ, ಕಳಿಸು. ಟೇಪ್‌ರೆಕಾರ್ಡರ್ ಕಾಲ ಮುಗಿದ ಮೇಲೂ ಈ ನಿಯತ್ತು ಅವನನ್ನು ಬಿಡಲಿಲ್ಲ. ಕನ್ನಡಕದ ಕಾಲಿಗೆ ತಾಮ್ರದ ತಂತಿ, ಕುರ್ಚಿಯ ಕಾಲಿಗೆ ಮಡಿಸಿದ ರಟ್ಟು, ಕೊಡೆಯ ಹಿಡಿಗೆ ಸೈಕಲ್ ಟ್ಯೂಬಿನ ತುಂಡು. ಒಮ್ಮೆ ನನ್ನ ಅಂಗಡಿಯ ಷಟರ್ ಅರ್ಧಕ್ಕೆ ಸಿಕ್ಕಿಕೊಂಡಾಗ ನನ್ನದೇ ಮೀಟರ್ ಪಟ್ಟಿಯನ್ನು ಸಂದಿಗೆ ತುರುಕಿ ಸರಿಮಾಡಿದ. ಷಟರ್ ಇಂದಿಗೂ ಬೆಣ್ಣೆಯ ಹಾಗೆ ಇಳಿಯುತ್ತದೆ. ಪಟ್ಟಿ ಅಲ್ಲೇ ಇದೆ. ನಾನು ಹೊಸದು ಕೊಂಡುಕೊಂಡೆ.

ಅವನ ಹೆಂಡತಿ, ನನ್ನ ನಾದಿನಿ, ಇದಕ್ಕೆ ಪೂರ್ತಿ ತದ್ವಿರುದ್ಧ. ಬೇರು ಕಾಣುವವರೆಗೂ ಅಗೆಯುವ ಹೆಂಗಸು. ಮನೆಯಲ್ಲಿ ನಲ್ಲಿ ಸೋರಿದರೆ ಇವನು ಬಟ್ಟೆ ಸುತ್ತುತ್ತಾನೆ, ಅವಳು ಗೋಡೆ ಒಡೆಸುತ್ತಾಳೆ. ವೆಬ್‌ಸೈಟ್ ಕಟ್ಟುವ ಕೆಲಸ ಕಲಿತು ನನ್ನ ಅಂಗಡಿಯ ಮೇಲಿನ ಕೋಣೆಯಲ್ಲಿ ಕಚೇರಿ ತೆರೆದವಳು ಅವಳು. ರಿಪೇರಿ ನಿಂತು ಕೈಕಟ್ಟಿ ಕೂತಿದ್ದ ಗಂಡನಿಗೂ ಕಲಿಸಿದಳು. ಕಲಿಸಿದ್ದೇ ತಪ್ಪಾಯಿತೆಂದು ಆಮೇಲೆ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು. ಆ ಕೋಣೆಯ ನೆಲ ಹಲಗೆಯದು. ಮೇಲೆ ಪಿಸುಗುಟ್ಟಿದರೂ ಕೆಳಗೆ ನನ್ನ ಗಲ್ಲಾಪೆಟ್ಟಿಗೆಗೆ ಕೇಳುತ್ತದೆ. ಅವರ ಜಗಳ ನನ್ನ ಗಿರಾಕಿಗಳಿಗೂ ಬಾಯಿಪಾಠವಾಗಿತ್ತು.

“ರೀ, ಮತ್ತೆ ಬಿಲ್ಡ್ ಫೋಲ್ಡರನ್ನ ಗಿಟ್‌ಗೆ ಹಾಕಿದ್ದೀರಾ?”

“ಹಾಕಿದೆ. ಏನೀಗ?”

“ಏನೀಗ ಅಂದ್ರೆ? ಅದನ್ನ ಯಂತ್ರ ಮಾಡಿಕೊಡುತ್ತೆ ಕಣ್ರೀ. ಕೇಳಿದಾಗೆಲ್ಲ ಮಾಡಿಕೊಡುತ್ತೆ. ಮಾಡಿದ್ದನ್ನೆಲ್ಲ ಕೂಡಿಡ್ತಾ ಹೋದ್ರೆ ಉಗ್ರಾಣ ಹೋಗಿ ತಿಪ್ಪೆ ಆಗುತ್ತೆ.”

“ಗೊಬ್ಬರ ಬರೋದು ತಿಪ್ಪೆಯಿಂದಲೇ.”

“ಅಯ್ಯೋ, ಇದಕ್ಕೊಂದು ಗಾದೆ ಬೇರೆ ಕೇಡು.”

ಈ ಜಗಳದ ತಿರುಳು ನನಗೆ ಅರ್ಥವಾದದ್ದು ದರ್ಜಿಗಳ ಲೆಕ್ಕದಲ್ಲಿ. ದರ್ಜಿಯ ಹತ್ತಿರ ಕಾಗದದ ಪ್ಯಾಟರ್ನ್ ಇರುತ್ತದೆ. ಅದನ್ನಿಟ್ಟು ಬಟ್ಟೆ ಕತ್ತರಿಸಿ ಅಂಗಿ ಹೊಲಿಯುತ್ತಾನೆ. ವೆಬ್‌ಸೈಟಿನಲ್ಲಿ ಇವರು ಕೈಯಿಂದ ಬರೆಯುವ ಕೋಡ್ ಆ ಪ್ಯಾಟರ್ನ್. ಅದನ್ನು ಯಂತ್ರಕ್ಕೆ ಕೊಟ್ಟರೆ ಜನರ ಫೋನಿಗೆ, ಕಂಪ್ಯೂಟರಿಗೆ ಹೋಗುವ ಫೈಲುಗಳನ್ನು ಹೊಲಿದುಕೊಡುತ್ತದೆ. ಅದು ಬಿಲ್ಡ್, ಅಂದರೆ ಅಂಗಿ. ಗಿಟ್ ಎನ್ನುವುದು ಉಗ್ರಾಣ. ಯಾರು, ಯಾವಾಗ, ಏನು ತಿದ್ದಿದರು ಎಂಬುದೆಲ್ಲ ಅಲ್ಲಿ ಉಳಿಯುತ್ತದೆ. ಉಗ್ರಾಣದಲ್ಲಿ ಪ್ಯಾಟರ್ನ್ ಇದ್ದರೆ ಸಾಕು, ಅಂಗಿಗಳ ರಾಶಿ ಬೇಡ ಎನ್ನುವುದು ನಾದಿನಿಯ ವಾದ. ಅಂಗಿಯೂ ಅಲ್ಲೇ ಇದ್ದರೆ ಒಂದು ದಿನ ಯಾರೋ ಸೋಮಾರಿ ಪ್ಯಾಟರ್ನ್ ಬಿಟ್ಟು ಅಂಗಿಯನ್ನೇ ಬಿಚ್ಚಿ ತಿದ್ದುತ್ತಾನೆ. ಗಿರಾಕಿಗೆ ಆ ಅಂಗಿ ಸರಿಹೋಗುತ್ತದೆ, ನಿಜ. ಪ್ಯಾಟರ್ನ್ ಮಾತ್ರ ಹಳೇದೇ. ಮುಂದಿನ ಅಂಗಿಯಲ್ಲಿ ಅದೇ ಬಗಲು ಅದೇ ಬಿಗಿ. ಬಿಲ್ಡ್ ಬೇಡವೆಂದು ಗಿಟ್‌ಗೆ ಹೇಳಲು ಒಂದು ಸಣ್ಣ ಫೈಲಿನಲ್ಲಿ ಅದರ ಹೆಸರು ಬರೆದಿಟ್ಟರಾಯಿತಂತೆ. ಅವಳು ಎಲ್ಲ ಗಿರಾಕಿಗಳ ಸೈಟುಗಳಲ್ಲೂ ಬರೆದಿಟ್ಟಳು. ಕೇಳುಮನೆ ಎಂಬ ಗ್ರಂಥಾಲಯದ ಸೈಟಿನಲ್ಲೂ ಬರೆದಳು, ಆದರೆ ಅಲ್ಲಿ ಅದು ನಡೆಯಲಿಲ್ಲ.

“ಅಲ್ಲಿ ಬಿಲ್ಡ್ ಮೊದಲೇ ಒಳಗಿದೆಯಲ್ಲೇ,” ಎಂದು ತೇಪೆ ನಕ್ಕಿದ್ದು ಹಲಗೆಯ ಸಂದಿಯಿಂದ ಕೇಳಿಸಿತು. “ನೆಂಟ ಒಳಗೆ ಬಂದು ಊಟಕ್ಕೆ ಕೂತಾಗಿದೆ. ಈಗ ಬಾಗಿಲಲ್ಲಿ ‘ನೆಂಟರಿಗೆ ಪ್ರವೇಶವಿಲ್ಲ’ ಅಂತ ಬೋರ್ಡ್ ಹಾಕಿದ್ರೆ ಅವನು ಎದ್ದು ಹೋಗ್ತಾನಾ?”

“ಕೈಹಿಡಿದು ಹೊರಗೆ ಹಾಕೋದೂ ನನಗೆ ಗೊತ್ತು.”

“ಹಾಕಿ ನೋಡು. ಅವರ ಸರ್ವರ್ ಮುದುಕಪ್ಪ. ಅದಕ್ಕೆ ಹೊಲಿಯೋ ಶಕ್ತಿ ಇಲ್ಲ, ಹೊಲಿದಿದ್ದನ್ನ ತೊಡೋ ಶಕ್ತಿ ಮಾತ್ರ. ನಾನು ಗಿಟ್‌ಗೆ ಹಾಕಿದ್ರೇನೇ ಅದಕ್ಕೆ ಸಿಗೋದು.”

ಇದು ನಿಜವೂ ಆಗಿತ್ತು. ಹಾಗಾಗಿ ನಾದಿನಿ ಆ ಒಂದು ಸೈಟನ್ನು ಅವನ ಪಾಲಿಗೆ ಬಿಟ್ಟಳು. “ಅದು ನಿಮ್ಮ ಹಿತ್ತಿಲು. ಏನಾದ್ರೂ ಬೆಳ್ಕೊಳ್ಳಿ,” ಎಂದಳು. ಮತ್ತೆ ಅತ್ತ ತಿರುಗಿ ನೋಡಲಿಲ್ಲ.

ಕೇಳುಮನೆ ಎಂದರೆ ಕಣ್ಣು ಕಾಣದವರ ಗ್ರಂಥಾಲಯ. ದನಿ ಚೆನ್ನಾಗಿರುವವರು ಪುಸ್ತಕ ಓದಿ ರೆಕಾರ್ಡ್ ಮಾಡಿಕೊಡುತ್ತಾರೆ. ಸದಸ್ಯರು ಮನೆಯಲ್ಲೇ ಕೂತು ಸೈಟಿನಲ್ಲಿ ಕೇಳುತ್ತಾರೆ. ಅದನ್ನು ನಡೆಸುವಾಕೆಗೂ ಹುಟ್ಟಿನಿಂದ ಕಣ್ಣಿಲ್ಲ. ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಏನಾದರೂ ತೊಡಕಾದರೆ ಫೋನು ಮಾಡುವ ಪೈಕಿ ಅಲ್ಲ. ಕೋಲು ತಟ್ಟುತ್ತಾ ನನ್ನ ಅಂಗಡಿ ದಾಟಿ ಮೆಟ್ಟಿಲು ಹತ್ತುವಳು. ದಾಟುವಾಗ ಮೇಲಿನ ಥಾನಿನ ಮೇಲೆ ಬೆರಳಾಡಿಸಿ, “ಇದು ಹತ್ತಿ ಅಂತ ಹೇಳಿ ಮಾರ್ತಿದ್ದೀರಾ?” ಎಂದು ಗಿರಾಕಿಗಳೆದುರೇ ಕೇಳುವಳು. ಅಂಥವರು ಅಂಗಡಿಯ ಮುಂದೆ ಹಾದುಹೋಗುವುದು ವ್ಯಾಪಾರಕ್ಕೆ ಒಳ್ಳೆಯದಲ್ಲ.

ಮೇಲೆ ಹೋಗಿ ತೇಪೆಯ ಪಕ್ಕ ಕೂತರೆ ಇಬ್ಬರದೂ ಒಂದೇ ರಾಗ. “ಇಲ್ಲಿ ನೋಡು ತಮ್ಮಾ, ಪುಸ್ತಕ ನಿಲ್ಲಿಸಿದ್ರೆ ಮತ್ತೆ ಮೊದಲಿಂದ ಶುರುವಾಗುತ್ತೆ.” ಕಣ್ಣು ಕಾಣದವರ ಕಂಪ್ಯೂಟರಿನಲ್ಲಿ ಪರದೆಯ ಮೇಲಿರುವುದನ್ನು ಓದಿ ಹೇಳುವ ಒಂದು ಯಂತ್ರದ ದನಿ ಇರುತ್ತದೆ. ಅವನು ಪರದೆ ಆರಿಸಿ, ಕಣ್ಣುಮುಚ್ಚಿ, ಆ ದನಿ ಹೇಳುವುದನ್ನಷ್ಟೇ ನಂಬಿ ಸೈಟಿನಲ್ಲಿ ಓಡಾಡುವನು. ತಡಕಾಡಿ, ಮುಗ್ಗರಿಸಿ, ಎಲ್ಲಿ ಮುಗ್ಗರಿಸಿದನೋ ಅಲ್ಲೇ ಒಂದು ತೇಪೆ ಹಾಕುವನು. ಅಕ್ಕ ಎದುರಿಗೆ ಕೂತಿದ್ದಾಳಲ್ಲ, ಕೆಲಸ ಆಗಬೇಕು. ಪ್ಯಾಟರ್ನಿಗೆ ಹೋಗಿ ಬರುವ ಪುರುಸೊತ್ತು ಯಾರಿಗಿದೆ? ಅಂಗಿಯ ಮೇಲೇ ಹಾಕಿಬಿಡುವನು. ಹೊಸ ಪುಸ್ತಕ ಸೇರಿಸಲು ಬಿಲ್ಡ್ ಬೇಕಿರಲಿಲ್ಲ; ಅದು ಬೇರೆ ಕಪಾಟು. ಹೀಗೆ ಮೊದಲ ಸಲ ಹೊಲಿದ ಅಂಗಿಯೇ ವರ್ಷಗಟ್ಟಲೆ ನಡೆಯಿತು, ತೇಪೆಯ ಮೇಲೆ ತೇಪೆ ಬಿದ್ದು. ಹಳೆಯ ಪ್ಯಾಟರ್ನ್ ಮಡಿಕೆ ಬಿಚ್ಚದೆ ಹಾಗೇ ಇತ್ತು.

ಒಂದು ಬೆಳಿಗ್ಗೆ ನಾನು ಲೈನಿಂಗ್ ಬಟ್ಟೆ ಅಳೆಯುತ್ತಿದ್ದಾಗ ಮೇಲೆ ಕುರ್ಚಿ ಬಿದ್ದ ಸದ್ದಾಯಿತು. ರಟ್ಟು ಜಾರಿರಬೇಕೆಂದು ನಾನು ನಕ್ಕೆ. ನಾದಿನಿ “ಭಾವಾ” ಎಂದು ಕೂಗಿದ ರೀತಿಗೆ ಕತ್ತರಿ ಅಲ್ಲೇ ಬಿಟ್ಟು ಓಡಿದೆ.

ಪಾರ್ಶ್ವವಾಯು. ಬಲಗೈ ಹೋಯಿತು, ಬಲಗಾಲು ಅರ್ಧ ಹೋಯಿತು. ಮಾತು ಹೋದದ್ದು ಎಲ್ಲಕ್ಕಿಂತ ಕೆಟ್ಟದಾಗಿತ್ತು. ಕೇಳಿದ್ದೆಲ್ಲ ಅರ್ಥವಾಗುತ್ತದೆ, ಒಳಗೆ ಎಲ್ಲ ಇದೆ, ಆದರೆ ಬೇಕಾದ ಪದ ಬಾಯಿಗೆ ಬರುವುದಿಲ್ಲ ಎಂದು ಆಸ್ಪತ್ರೆಯವರು ಹೇಳಿದರು. ನೀರು ಬೇಕಾದರೆ ‘ಕಿಟಕಿ’ ಎನ್ನುವನು. ಹೇಳಿದ್ದು ತಪ್ಪೆಂದು ಅವನಿಗೇ ತಿಳಿದು ಮುಖ ಕೆಂಪಗಾಗುವುದು. ಸರಿಯಾಗಿ ಉಳಿದದ್ದು ‘ಹೂಂ’ ಮತ್ತು ‘ಬೇಡ’. ಸಂಸಾರಸ್ಥನಿಗೆ ಅಷ್ಟು ಸಾಕೆಂದು ನಾನು ತಮಾಷೆ ಮಾಡಿದೆ. ಎಡತುಟಿಯಲ್ಲಿ ನಕ್ಕ. ನನ್ನ ನಾದಿನಿ ನಗಲಿಲ್ಲ, ಎದ್ದು ವರಾಂಡಕ್ಕೆ ಹೋದಳು.

ಮನೆಗೆ ಬಂದ ಮೇಲೆ ಅವನು ಮಧ್ಯಾಹ್ನಗಳಲ್ಲಿ ಮೇಲಿನ ಕೋಣೆಗೆ ಬಂದು ಕೂರುತ್ತಿದ್ದ. ನಾನೂ ಪಕ್ಕದ ಬೀಗದಂಗಡಿಯವನೂ ಎರಡು ಕಡೆ ತೋಳು ಕೊಟ್ಟು ಹತ್ತಿಸುತ್ತಿದ್ದೆವು. ಕೇಳುಮನೆಯ ಸೈಟು ಈಗ ನಾದಿನಿಯ ಕೈಗೆ ಬಂತು. ಅದೇ ಹೊತ್ತಿಗೆ ಅಕ್ಕನಿಂದ ಕೆಲಸವೂ ಬಂತು. ಶಾಲೆಗಳು ತೆರೆಯುವ ಮುಂಚೆ ಪಠ್ಯಪುಸ್ತಕಗಳ ವಿಭಾಗ ಬೇಕು, ಪಾಠದಿಂದ ಪಾಠಕ್ಕೆ ಜಿಗಿಯುವ ಹಾಗೆ. ಕಣ್ಣು ಕಾಣದ ಮಕ್ಕಳು ಆ ವರ್ಷ ಅದರಲ್ಲೇ ಓದಬೇಕು. ಇದಕ್ಕೆ ಹೊಸ ಬಿಲ್ಡ್ ಆಗಲೇಬೇಕು.

ನಾದಿನಿ ಸೈಟನ್ನು ಹೊಸ ಸರ್ವರಿಗೆ ಸಾಗಿಸಿದಳು. ಹೊಲಿಗೆಯೂ ಬಲ್ಲ ಸರ್ವರ್. ಪ್ಯಾಟರ್ನಿಗೆ ಪಠ್ಯಪುಸ್ತಕಗಳ ವಿಭಾಗ ಸೇರಿಸಿದಳು. ಆಮೇಲೆ, ಗಂಡ ಕಿಟಕಿ ಪಕ್ಕ ತೂಕಡಿಸುತ್ತಿದ್ದಾಗ, ಊಟಕ್ಕೆ ಕೂತ ನೆಂಟನನ್ನು ಕೈಹಿಡಿದು ಎಬ್ಬಿಸಿ ಹೊರಗೆ ಹಾಕಿದಳು. ಬಿಲ್ಡ್ ಫೋಲ್ಡರ್ ಗಿಟ್‌ನಿಂದ ಹೋಯಿತು. ಯಂತ್ರ ಹೊಸ ಅಂಗಿ ಹೊಲಿದುಕೊಟ್ಟಿತು. ಕೆಳಗಿಳಿದು ಬಂದು, “ಭಾವ, ಕೊನೇ ತಿಪ್ಪೆನೂ ಗುಡಿಸಿದೆ,” ಎಂದಳು. ಬಹಳ ದಿನಗಳ ಮೇಲೆ ಅವಳ ಮುಖದಲ್ಲಿ ಸ್ವಲ್ಪ ಗೆಲುವು ಕಂಡೆ. ನಾನೂ, “ಒಳ್ಳೇದಾಯ್ತು ಬಿಡು,” ಎಂದೆ.

ಮರುದಿನ ಕೋಲಿನ ಸದ್ದು. ಅಕ್ಕ ನನ್ನ ಥಾನುಗಳನ್ನು ಮುಟ್ಟಲೇ ಇಲ್ಲ, ನೇರ ಮೆಟ್ಟಿಲು ಹತ್ತಿದಳು. ಅಕ್ಕ ಸುಮ್ಮನೆ ಹೋದದ್ದು ಕಂಡು ನಾನೂ ಹಿಂದೆ ಹೋದೆ.

“ಕೇಳು,” ಎಂದು ಅಕ್ಕ ತನ್ನ ಲ್ಯಾಪ್‌ಟಾಪ್ ತೆರೆದಳು. ಯಂತ್ರದ ದನಿ ಓದತೊಡಗಿತು: ಬಟನ್. ಬಟನ್. ಬಟನ್. ಬಟನ್.

“ಇದರಲ್ಲಿ ಯಾವುದು ಓದೋಕೆ, ಯಾವುದು ನಿಲ್ಲಿಸೋಕೆ?” ಎಂದು ಅಕ್ಕ ಕೇಳಿದಳು. “ನಾನಾದ್ರೆ ಎಣಿಸ್ಕೊಂಡು ಒತ್ತಿಯೇನು. ಮಗು ಒತ್ತುತ್ತಾ? ಒತ್ತಿದ್ರೂ ಪುಟ ಬದಲಾದ ಕೂಡ್ಲೇ ಮತ್ತೆ ಮೇಲಕ್ಕೆ ಎತ್ತಿ ಎಸೆಯುತ್ತೆ. ಬೆಳಿಗ್ಗೆಯಿಂದ ಎಲ್ರೂ ಫೋನ್ ಮಾಡ್ತಿದ್ದಾರೆ, ಒಳಗೆ ಹೋಗೋಕೆ ದಾರಿ ಇಲ್ಲ ಅಂತ. ನಿನ್ನ ಯಜಮಾನ್ರು ಕಟ್ಟಿದ್ದೆಲ್ಲ ಎಲ್ಲಮ್ಮಾ ಹೋಯ್ತು?”

“ಅವರು ಏನು ಕಟ್ಟಿದ್ರು ಅಕ್ಕ?” ಎಂದಳು ನಾದಿನಿ. ಅವಳಿಗೆ ನಿಜವಾಗಿ ಗೊತ್ತಿರಲಿಲ್ಲ.

ಅಕ್ಕ ಲ್ಯಾಪ್‌ಟಾಪಿನ ದನಿ ಅಡಗಿಸಿದಳು. “ನಮಗೆಲ್ಲ ನಿನ್ನ ಗಂಡ ಅಂದ್ರೆ ಬಾಗಿಲಲ್ಲಿ ನಿಂತು ಕೈಹಿಡಿದು ಒಳಗೆ ಕರ್ಕೊಂಡು ಹೋಗೋನು. ಹಿತ್ತಿಲ ಗಿಡ ಮದ್ದಲ್ಲ ಅಂತಾರಲ್ಲ, ಸುಳ್ಳಲ್ಲ ಅದು.”

ಕಿಟಕಿಯ ಪಕ್ಕದಿಂದ ಅವನು ನೋಡುತ್ತಿದ್ದ. ಏನಾಗಿದೆಯೆಂದು ಅವನಿಗೆ ಆ ‘ಬಟನ್ ಬಟನ್’ ಕೇಳಿದಾಗಲೇ ಗೊತ್ತಾಗಿತ್ತು. ಬಾಯಿ ತೆರೆದ, ಏನೋ ಎರಡು ಸಲ ತೊದಲಿದ, ಎಡಗೈಯಿಂದ ತೊಡೆ ಬಡಿದುಕೊಂಡ.

ಉಗ್ರಾಣದ ಗುಣ ಅಂದರೆ ಹೊರಗೆ ಹಾಕಿದ್ದೂ ಹಳೆಯ ದಾಖಲೆಯಲ್ಲಿ ಉಳಿದಿರುತ್ತದೆ. ನಾದಿನಿ ಅವನ ಹಳೆಯ ಬಿಲ್ಡನ್ನು ಅಲ್ಲಿಂದ ಎಳೆದು ತಂದು, ಮತ್ತೆ ಗಿಟ್‌ಗೆ ಹಾಕಿ, ಆ ಗಳಿಗೆಯಲ್ಲೇ ಸೈಟಿಗೆ ಏರಿಸಿದಳು. ಅಕ್ಕನ ಲ್ಯಾಪ್‌ಟಾಪ್ ‘ಓದು’, ‘ನಿಲ್ಲಿಸು’, ‘ಒಂದು ವಾಕ್ಯ ಹಿಂದೆ’ ಎಂದು ಹೇಳತೊಡಗಿತು.

“ನೋಡಮ್ಮ, ಅವನು ತಿಪ್ಪೆಗೆ ಹಾಕದೆ ಇದ್ದಿದ್ರೆ ಇವತ್ತು ಏನು ಸಿಗ್ತಿತ್ತು?” ಎಂದು ನಾನು ಬಾಯಿ ಹಾಕಿದೆ.

“ಅವರು ಹಾಕಬೇಕಾದ ಕಡೆ ಹಾಕಿದ್ದಿದ್ರೆ ಇವತ್ತು ಹುಡುಕೋ ಕರ್ಮವೇ ಇರ್ತಿರ್ಲಿಲ್ಲ, ಭಾವ,” ಎಂದಳು ಕಣ್ಣೆತ್ತದೆ. ಅದೂ ಸರಿಯೇ. ಗಂಡ ಹೆಂಡಿರ ನಡುವೆ ತಕ್ಕಡಿ ಹಿಡಿಯಬಾರದೆಂದು ನನಗೆ ಇಷ್ಟು ವರ್ಷಗಳಲ್ಲಿ ತಿಳಿದಿರಬೇಕಿತ್ತು.

ಹಳೆಯ ಅಂಗಿ ಹಾಕಿದರೆ ಮಕ್ಕಳಿಗೆ ಪಠ್ಯಪುಸ್ತಕವಿಲ್ಲ. ಹೊಸದು ಹಾಕಿದರೆ ಒಳಗೆ ಹೋಗಲು ದಾರಿಯಿಲ್ಲ. ಅವನ ಒಂದೊಂದು ತೇಪೆಯನ್ನೂ ಬಿಚ್ಚಿ, ಅದು ಯಾಕಿತ್ತೆಂದು ತಿಳಿದು, ಪ್ಯಾಟರ್ನಿನಲ್ಲಿ ಹೊಸದಾಗಿ ಬರೆಯಬೇಕಿತ್ತು. ಯಾಕೆಂದು ಬಲ್ಲವನು ಒಬ್ಬನೇ, ಅವನಿಗೆ ಬಾಯಿಲ್ಲ. ಅಕ್ಕ ಹೋಗುವಾಗ ಮೆಟ್ಟಿಲ ಬುಡದಲ್ಲಿ ನಿಂತು, “ಶಾಲೆ ತೆರೆಯೋ ಹೊತ್ತಿಗೆ ಆಗದಿದ್ರೆ ಸದಸ್ಯರ ಸಭೆ ಬೇರೆಯವರ ಹತ್ರ ಹೊಸದಾಗಿ ಕಟ್ಟಿಸುತ್ತೆ,” ಎಂದು ನನಗಷ್ಟೇ ಕೇಳುವ ಹಾಗೆ ಹೇಳಿದಳು. “ಕಟ್ಟಿಸಿದ್ರೆ ನಿಮ್ಮ ಷಡ್ಡಕ ಮಾಡಿದ್ದು ಪೂರ್ತಿ ಅಳಿಸಿಹೋಗುತ್ತೆ. ನನಗೆ ಮನಸ್ಸಿಲ್ಲ. ಆದ್ರೆ ಮಕ್ಕಳನ್ನ ಕಾಯಿಸೋಕೂ ಆಗಲ್ಲ.”

ಹಲಗೆ ಸದ್ದು ಹೇಳುತ್ತದೆ, ಪರದೆಯನ್ನು ತೋರಿಸುವುದಿಲ್ಲ. ಹಾಗಾಗಿ ಅಲ್ಲಿಂದ ಮುಂದೆ ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ನಾನೂ ಮೇಲೆ ಹೋಗಿ ಕೂರುತ್ತಿದ್ದೆ. ನಾದಿನಿ ಹಳೆಯ ಪ್ಯಾಟರ್ನಿನಿಂದ ಹೊಸದಾಗಿ ಒಂದು ಬಿಲ್ಡ್ ಮಾಡಿ, ಅದನ್ನೂ ಗಂಡ ತಿದ್ದಿದ ಬಿಲ್ಡನ್ನೂ ಅಕ್ಕಪಕ್ಕ ಇಟ್ಟಳು. ಯಂತ್ರ ಹೊಲಿಯುವಾಗ ಎಲ್ಲವನ್ನೂ ಒತ್ತಿ, ನಡುವೆ ಉಸಿರಾಡಲು ಜಾಗವಿಲ್ಲದಂತೆ ಒಂದೇ ಒಂದು ಉದ್ದನೆಯ ಸಾಲು ಮಾಡುತ್ತದೆ. ಅವಳು ಎರಡನ್ನೂ ಬಿಡಿಸಿ ಹರಡಿದಳು. ಎರಡರಲ್ಲೂ ಇದ್ದದ್ದು ಯಂತ್ರದ್ದು. ಒಂದರಲ್ಲಿ ಮಾತ್ರ ಇದ್ದದ್ದು ಅವನದು. ಪರದೆಯ ಮೇಲೆ ಅದು ಹಸಿರು ಪಟ್ಟಿಗಳಾಗಿ ಕಾಣುತ್ತಿತ್ತು, ಉದ್ದಕ್ಕೂ, ಮುಗಿಯುವುದೇ ಇಲ್ಲವೇನೋ ಎಂಬಂತೆ.

“ಇಷ್ಟೊಂದಾ?” ಎಂದಳು ನಾದಿನಿ, ಯಾರಿಗೋ.

ಅವಳು ಒಂದೊಂದನ್ನೇ ಓದುವಳು. “ಇದು ಬಟನ್‌ಗೆ ಹೆಸರು, ಅಲ್ವಾ?” “ಹೂಂ.” “ಇದು ಕೇಳೋ ವೇಗ ನೆನಪಿಟ್ಕೊಳ್ಳೋಕೆ?” “ಹೂಂ.” “ಇದು ಹುಡುಕಿದಾಗ ಎಷ್ಟು ಪುಸ್ತಕ ಸಿಕ್ತು ಅಂತ ಬಾಯಲ್ಲಿ ಹೇಳೋಕಾ?” ಅವನು ಕೈ ಅಲ್ಲಾಡಿಸುವನು. “ಹೇಳೋಕಲ್ಲ?” “ಹೂಂ, ಬೇಡ, ಹೂಂ.” ಅವಳು ಮತ್ತೊಮ್ಮೆ ಓದುವಳು. “ಸಿಗದೇ ಇದ್ದಾಗ ಹೇಳೋಕಾ? ಇಲ್ಲ ಅಂತ?” ಅವನು ಸೋತವನ ಹಾಗೆ ಕುರ್ಚಿಗೊರಗಿ “ಹೂಂ” ಎನ್ನುವನು. ಒಂದು ತೇಪೆ ಪ್ಯಾಟರ್ನಿಗೆ ಸೇರುವುದು. ಅದರ ಪಕ್ಕ ಯಾಕೆ ಎಂದು ಒಂದು ಸಾಲು ಬರೆಯುವಳು.

“ಜಗಳಕ್ಕೂ ಇಷ್ಟೇ ಮಾತು ಸಾಕಾಗಿತ್ತು ನೋಡು,” ಎಂದೆ ನಾನು ಒಂದು ದಿನ. “ಸುಮ್ಮನೆ ಇಷ್ಟು ವರ್ಷ ನನ್ನ ಗಿರಾಕಿಗಳ ಕಿವಿ ತಿಂದ್ರಿ.”

“ಭಾವ, ಕೆಳಗೆ ಯಾರೋ ಬಂದ ಹಾಗಿದೆ,” ಎಂದಳು. ಯಾರೂ ಬಂದಿರಲಿಲ್ಲ.

ಮುಕ್ಕಾಲು ಪಾಲು ಕೆಲಸ ಮುಗಿದ ಹೊತ್ತಿಗೆ ಒಂದು ಹಸಿರು ಪಟ್ಟಿಯ ಹತ್ತಿರ ಬಂಡಿ ನಿಂತಿತು. ಪುಸ್ತಕ ಶುರುವಾಗುವ ಮುಂಚೆ, ಪ್ರತಿ ಅಧ್ಯಾಯದ ಮುಂಚೆ, ಕಾರಣವಿಲ್ಲದೆ ಒಂದು ಕ್ಷಣ ಎಲ್ಲವನ್ನೂ ತಡೆದು ನಿಲ್ಲಿಸುವ ತೇಪೆ. ಪರದೆಯ ಮೇಲೆ ಏನೂ ಬದಲಾಗುವುದಿಲ್ಲ, ಏನೂ ಕಾಣುವುದಿಲ್ಲ. ನಾದಿನಿ ಹಿಂದೆ ಮುಂದೆ ಓದಿದಳು.

“ಇದು ಯಾವಾಗಲೋ ಪರೀಕ್ಷೆ ಮಾಡೋವಾಗ ಹಾಕಿ ಮರೆತಿದ್ದೀರಿ. ಸುಮ್ಮನೆ ತಡ ಮಾಡುತ್ತೆ. ಬಿಟ್ಟುಬಿಡ್ತೀನಿ.”

“ಬೇಡ.”

“ಬೇಡ ಅಂದ್ರೆ ಇದು ಬೇಡ ಅಂತಾನಾ, ಬಿಡೋದು ಬೇಡ ಅಂತಾನಾ?”

ಅವನು ಮೇಜು ಗುದ್ದಿದ. ಲೋಟ ಉರುಳಿ ನೀರು ಹರಿಯಿತು. ಪದಕ್ಕಾಗಿ ತಡಕಾಡಿದ; ‘ಬಾಗಿಲು’ ಎಂದ, ‘ಅಕ್ಕಿ’ ಎಂದ, ಎರಡೂ ಅಲ್ಲವೆಂದು ತಲೆ ಕೊಡವಿದ. ಕಣ್ಣಲ್ಲಿ ನೀರು ಬಂತು. ನಾದಿನಿಗೂ ಸಿಟ್ಟು. “ನನಗೆ ಹೇಗೆ ಗೊತ್ತಾಗಬೇಕ್ರೀ? ಕೋಡಲ್ಲಿ ಯಾಕೆ ಅಂತ ಒಂದಕ್ಷರ ಬರೆದಿಲ್ಲ. ಯಾವತ್ತೂ ಬರೆದಿಲ್ಲ. ನೀವೇ ಇರ್ತೀರಿ, ನೀವೇ ಹೇಳ್ತೀರಿ ಅಂದ್ಕೊಂಡಿದ್ರಿ ಅಲ್ವಾ?”

ಅವನು ಎಡಗೈ ಚಾಚಿ ಅವಳ ಮುಖ ಹಿಡಿದ. ಹೊಡೆಯುತ್ತಾನೇನೋ ಎಂದು ಒಂದು ಗಳಿಗೆ ನಾನು ಎದ್ದೇಬಿಟ್ಟೆ. ಅವನು ಅಂಗೈಯಿಂದ ಅವಳ ಎರಡೂ ಕಣ್ಣು ಮುಚ್ಚಿದ. ಹಾಗೇ ಹಿಡಿದುಕೊಂಡು ಗದ್ದದಿಂದ ನನಗೆ ಕೀಲಿಮಣೆ ತೋರಿಸಿದ. ಕಂಪ್ಯೂಟರ್ ಮುಟ್ಟಿದರೆ ಕಚ್ಚುತ್ತದೆ ಎನ್ನುವವನು ನಾನು. ಅವನು ಕಣ್ಣಲ್ಲೇ ತೋರಿಸಿದ ಗುಂಡಿ ಒತ್ತಿದೆ. ಆ ತೇಪೆ ಇಲ್ಲದ ಹೊಸ ಬಿಲ್ಡ್ ಓಡಿತು. ಯಂತ್ರದ ದನಿ “ಅಧ್ಯಾಯ ಒಂದು” ಎನ್ನಲು ಬಾಯಿ ತೆರೆಯಿತು, ಅಷ್ಟರಲ್ಲಿ ಪುಸ್ತಕ ಓದುವ ಹೆಂಗಸಿನ ದನಿಯೂ ಶುರುವಾಯಿತು. ಎರಡು ದನಿ ಒಂದರ ಮೇಲೊಂದು ಬಿದ್ದವು. ಅಧ್ಯಾಯದ ಹೆಸರೂ ತಿಳಿಯಲಿಲ್ಲ, ಮೊದಲ ವಾಕ್ಯವೂ ತಿಳಿಯಲಿಲ್ಲ. ಸಂತೆಯಲ್ಲಿ ಇಬ್ಬರು ಒಟ್ಟಿಗೆ ಕಿವಿಯಲ್ಲಿ ಕೂಗಿದ ಹಾಗೆ.

ನಾದಿನಿ ಅವನ ಅಂಗೈಯೊಳಗೆ ಹಾಗೇ ಕೂತಿದ್ದಳು.

“ಅದು ಮಾತು ಮುಗಿಸಲಿ ಅಂತ,” ಎಂದಳು ಕೊನೆಗೆ. “ಯಂತ್ರ ಹೇಳಿ ಮುಗಿಸೋವರೆಗೂ ಪುಸ್ತಕ ಕಾಯಲಿ ಅಂತ.”

“ಹೂಂ,” ಎಂದ. ಕೈ ತೆಗೆಯಲು ಅವನಿಗೂ ಅವಸರವಿರಲಿಲ್ಲ. ನಾನು ಕೆಳಗೆ ಗಿರಾಕಿ ಬಂದಿದ್ದಾರೆಂದು ಹೇಳಿ ಎದ್ದುಬಂದೆ. ಆಗಲೂ ಯಾರೂ ಬಂದಿರಲಿಲ್ಲ.

ಅಲ್ಲಿಂದ ಮುಂದೆ ನಾದಿನಿ ಪರದೆ ಆರಿಸಿ, ಕಣ್ಣುಮುಚ್ಚಿಯೇ ಪರೀಕ್ಷಿಸತೊಡಗಿದಳು. ಉಳಿದ ತೇಪೆಗಳು ಬೇಗ ಬಂದವು. ಒಂದು ಮಾತ್ರ ಕೊನೆಯವರೆಗೂ ಬಗೆಹರಿಯಲಿಲ್ಲ. ಪುಟದ ತಳದಲ್ಲಿ ಏನೂ ಹೇಳದ, ಏನೂ ಮಾಡದ ಒಂದು ಖಾಲಿ ಸಾಲು. ಕಣ್ಣುಮುಚ್ಚಿ ನೋಡಿದರು, ಅಕ್ಕನನ್ನು ಕೇಳಿದರು. ಅವನಿಗೇ ಅದರ ನೆನಪು ಹೋಗಿತ್ತೆಂದು ಕಾಣುತ್ತದೆ, ಭುಜ ಕುಣಿಸಿದ. ಅವಳು ಅದನ್ನೂ ಪ್ಯಾಟರ್ನಿಗೆ ಸೇರಿಸಿ ಪಕ್ಕದಲ್ಲಿ, “ಕಾರಣ ಗೊತ್ತಿಲ್ಲ. ತೆಗೆಯಬೇಡಿ” ಎಂದು ಬರೆದಳು. ಬೇರು ಕಾಣುವವರೆಗೆ ಅಗೆಯುವ ಹೆಂಗಸು ಹಾಗೆ ಬರೆದದ್ದನ್ನು ನಾನು ಕಣ್ಣಾರೆ ಕಂಡೆ.

ಶಾಲೆ ತೆರೆಯುವ ವಾರ ಅಕ್ಕ ಬಂದಳು. ನಾದಿನಿ ಯಂತ್ರಕ್ಕೆ ಹೊಸ ಅಂಗಿ ಹೊಲಿಯಲು ಹೇಳಿದಳು, ಶುದ್ಧ ಪ್ಯಾಟರ್ನಿನಿಂದ, ಕೈಯಲ್ಲಿ ಒಂದು ಹೊಲಿಗೆಯೂ ಹಾಕದೆ. ಅಕ್ಕ ಇತಿಹಾಸದ ಪಾಠ ತೆರೆದಳು. ಯಂತ್ರ ಅಧ್ಯಾಯದ ಹೆಸರು ಹೇಳಿತು, ನಿಂತಿತು. ಆಮೇಲೆ ಯಾರೋ ಹೆಂಗಸು ನಿಧಾನವಾಗಿ ಓದತೊಡಗಿದಳು. ಅಕ್ಕ ಮುಂದಕ್ಕೆ ಹೋದಳು, ಹಿಂದಕ್ಕೆ ಬಂದಳು, ನಡುವೆ ನಿಲ್ಲಿಸಿ ಮತ್ತೆ ಶುರುಮಾಡಿದಳು. ಎಲ್ಲೂ ಮುಗ್ಗರಿಸಲಿಲ್ಲ.

“ಅವನೇ ಇದ್ದಾನೆ,” ಎಂದಳು ಅಕ್ಕ.

ಇನ್ನು ಉಳಿದದ್ದು ಹಳೆಯ ಬಿಲ್ಡ್. ಅದು ಗಿಟ್‌ನಲ್ಲಿ ಇನ್ನೂ ಕೂತಿತ್ತು. ಈಗ ಅದರ ಅಗತ್ಯವಿರಲಿಲ್ಲ. ಇದ್ದರೆ ಮುಂದೆ ಇನ್ಯಾರೋ ಅದನ್ನೇ ತಿದ್ದುತ್ತಾರೆ, ಇದೇ ಪಾಡು ಇನ್ನೊಬ್ಬರಿಗೆ. ನಾದಿನಿ ಆಜ್ಞೆಯನ್ನು ಬರೆದಳು. ಒತ್ತಲಿಲ್ಲ. “ರೀ, ತೆಗೀಲಾ?” ಎಂದಳು. ಇಷ್ಟು ವರ್ಷಗಳಲ್ಲಿ ಆ ವಿಷಯದಲ್ಲಿ ಅವನನ್ನು ಅವಳು ಕೇಳಿದ್ದು ಅದೇ ಮೊದಲು.

ಅವನು ಪರದೆಯನ್ನು ಬಹಳ ಹೊತ್ತು ನೋಡಿದ. ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಎಡಗೈಯ ತೋರುಬೆರಳಿನಿಂದ ತಾನೇ ಒತ್ತಿದ.

ಆಮೇಲೆ ನಾದಿನಿ ಕೆಳಗೆ ಬಂದು ಲೈನಿಂಗ್ ಬಟ್ಟೆಯ ಮೂಟೆಯ ಮೇಲೆ ಕೂತಳು. ನಾನು ನೀರು ಕೊಟ್ಟೆ. ಕುಡಿಯಲಿಲ್ಲ, ಲೋಟ ಹಿಡಿದುಕೊಂಡೇ ಇದ್ದಳು.

“ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ ಭಾವ, ಇಷ್ಟು ವರ್ಷ. ಅವರು ಬರೆದಿದ್ದನ್ನ ಒಂದು ಸಾಲೂ ಓದಿರ್ಲಿಲ್ಲ. ಈಗ ಓದಿದೆ. ಓದಿದ್ಮೇಲೆ ಅಳಿಸಿದ್ವಿ.”

“ಅಳಿಸಿದ್ವಿ ಅಂತ ಯಾಕಂತೀಯ? ಸೇರಬೇಕಾದ ಕಡೆ ಸೇರಿಸಿದ್ರಿ.”

“ಸೇರಿಸಿದ್ದೆಲ್ಲ ನನ್ನ ಬರವಣಿಗೆಯಲ್ಲಿ.”

ಯಾರು ತಿದ್ದಿದರೆಂದು ಉಗ್ರಾಣದಲ್ಲಿ ದಾಖಲಾಗುತ್ತದೆ ಎಂದು ಅವಳೇ ಹೇಳಿದ್ದು ನೆನಪಾಯಿತು. “ಯಾರ ಹೆಸರು ಹಾಕಿದೆ ಮತ್ತೆ, ಅಲ್ಲಿ?”

“ಅವರದೇ. ಪ್ರತಿಯೊಂದಕ್ಕೂ.”

“ಅವನು ಬರೆದಿಲ್ಲವಲ್ಲಮ್ಮ?” ನನ್ನದು ವ್ಯಾಪಾರಿ ಬುದ್ಧಿ, ಬಿಲ್ಲಿನಲ್ಲಿ ಒಬ್ಬರ ಹೆಸರು, ಸರಕು ಇನ್ನೊಬ್ಬರದು ಆಗಬಾರದು.

“ಹೇಳಿದ್ದು ಅವರು ಭಾವ,” ಎಂದಳು. “ನಾನು ಬರೆದುಕೊಂಡೆ.”

ಅವಳು ನೀರು ಕುಡಿದು ಲೋಟ ಕೆಳಗಿಟ್ಟಳು, ಸೆರಗಿನಿಂದ ಮುಖ ಒರೆಸಿಕೊಂಡಳು. ಮೇಲೆ ಅವನೂ ಅಕ್ಕನೂ ಇನ್ನೂ ಕೇಳುತ್ತಿದ್ದರು. ಪಾಠ ಎರಡನೆಯ ಅಧ್ಯಾಯಕ್ಕೆ ಬಂದಿತ್ತು.